ಗಾಡಿ ಸಣ್ಣದಿದ್ದರೆ ಓಣಿಯಲ್ಲಿ ಹಿಡಿಸುತ್ತಾ?

ಪ್ರಶ್ನೆ: ಗಂಗಾವತಿ ಹತ್ತಿರ ನಮ್ಮದು ರೈಸ್ ಮಿಲ್. ಗೋಡೌನ್‌ನಲ್ಲಿ ಎರಡು ಸಾಲು ರ‍್ಯಾಕ್ ಹಾಕಿಸುತ್ತಿದ್ದೇವೆ. ನಡುವೆ ಒಂಬತ್ತೂವರೆ ಅಡಿ ಓಣಿ ಬಿಟ್ಟಿದ್ದೇವೆ. ಯಾವ ಸಣ್ಣ ಫೋರ್ಕ್‌ಲಿಫ್ಟ್ ತಗೋಬೇಕು?

ಉತ್ತರ: ರೀಚ್ ಟ್ರಕ್, ಅಂದರೆ ಸರಕನ್ನು ಮುಂದೆ ಚಾಚಿ ಹಿಂದೆ ಎಳೆದುಕೊಳ್ಳುವ ಫೋರ್ಕ್‌ಲಿಫ್ಟ್.

ಅಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಆ ‘ಸಣ್ಣ’ ಇದೆಯಲ್ಲ, ಅದನ್ನು ಬಿಡಿಸಿ ಬಿಡಿಸಿ ನನಗೆ ಸಾಕಾಗಿದೆ. ಕಾರಟಗಿಯವರೂ ಅದನ್ನೇ ಕೇಳುತ್ತಾರೆ, ಸಿಂಧನೂರಿನವರೂ ಅದನ್ನೇ. ಟೇಪ್ ಹಿಡಿದು ಮೂರು ಚಕ್ರದ ಬ್ಯಾಟರಿ ಗಾಡಿಯ ಅಗಲ ಅಳೆಯುತ್ತಾರೆ. ಮೂರೂವರೆ ಅಡಿ ಬರುತ್ತದೆ. “ಎರಡು ಗಾಡಿ ಜೋಡಿ ಹೋಗ್ತಾವಲ್ರಿ ಸರ” ಅಂತಾರೆ. ಹೋಗುತ್ತವೆ, ಯಾರು ಬೇಡ ಅಂದರು? ನೆಟ್ಟಗೆ ಹೋಗಿ ನೆಟ್ಟಗೆ ವಾಪಸ್ ಬರೋದಾದರೆ ಏನೂ ತೊಂದರೆ ಇಲ್ಲ. ಪ್ಯಾಲೆಟ್ (ಚೀಲ ಪೇರಿಸುವ ಹಲಗೆ) ಇಡಬೇಕಾದ್ದು ಪಕ್ಕದ ರ‍್ಯಾಕಿನಲ್ಲಿ ಅಲ್ವಾ? ಚೀಲ ಹೊತ್ತುಕೊಂಡೇ ಗಾಡಿ ಅಡ್ಡ ತಿರುಗಬೇಕು. ಆಗ ಲೆಕ್ಕಕ್ಕೆ ಬರೋದು ಉದ್ದ.

ಕೂಡಿ ನೋಡಿ. 1.5 ಟನ್ ಎತ್ತುವ ಆ ಮೂರು ಚಕ್ರದ ಗಾಡಿ ತಿರುಗಲು ಸುಮಾರು 1.5 ಮೀಟರ್. ಮುಂದಿನ ಚಕ್ರದ ನಡುವಿನಿಂದ ಫೋರ್ಕಿನ (ಪ್ಯಾಲೆಟ್ ಎತ್ತುವ ಕಬ್ಬಿಣದ ಕೈ) ಬುಡಕ್ಕೆ 0.35. ಪ್ಯಾಲೆಟ್ 1.2. ಕೈಯಾಡಲು 0.2. ಒಟ್ಟು 3.25 ಮೀಟರ್, ಅಂದರೆ ಹತ್ತೂವರೆ ಅಡಿಗಿಂತ ಜಾಸ್ತಿ. 3 ಟನ್ ಡೀಸೆಲ್ ಗಾಡಿಗೆ ಹದಿಮೂರು ಅಡಿಯೂ ಸಾಲದು. ಗಾಡಿ ಎಷ್ಟೇ ಸಣ್ಣದು ತಂದರೂ ಪ್ಯಾಲೆಟ್ ಸಣ್ಣದಾಗೋದಿಲ್ಲ.

ತಮಾಷೆ ಏನು ಗೊತ್ತಾ? ರೀಚ್ ಟ್ರಕ್ ಅಗಲದಲ್ಲಿ ಆ ಮೂರು ಚಕ್ರದ ಗಾಡಿಗಿಂತ ದೊಡ್ಡದು, ನಾಲ್ಕಡಿ ಮೇಲಿರುತ್ತದೆ. ಆದರೂ ಸುಮಾರು 2.8 ಮೀಟರ್‌ನಲ್ಲಿ ಕೆಲಸ ಮಾಡುತ್ತದೆ. ಅದರ ಮಾಸ್ಟ್ (ಫೋರ್ಕ್ ಏರಿಳಿಯುವ ಕಂಬ) ಹಿಂದೆ ಸರಿದು ಪ್ಯಾಲೆಟ್ಟನ್ನು ಚಕ್ರಗಳ ನಡುವೆ ಎಳೆದುಕೊಳ್ಳುತ್ತದೆ. ತಿರುಗಿದ ಮೇಲೆ ಮುಂದೆ ಚಾಚಿ ಇಡುತ್ತದೆ.

ಒಂಬತ್ತೂವರೆ ಅಡಿ ಅಂದಿರಲ್ಲ, ಕಂಬದಿಂದ ಕಂಬಕ್ಕೆ ಅಳೆದದ್ದಾ? ಪ್ಯಾಲೆಟ್ ಎರಡೂ ಕಡೆ ಮೂರ್ನಾಲ್ಕು ಇಂಚು ಹೊರಗೆ ಚಾಚಿರುತ್ತದೆ. ಬೋಲ್ಟ್ ಬಿಗಿಯುವ ಮೊದಲು ಹತ್ತು ಅಡಿ ಮಾಡಿಸಿ. ಒಂದು ಪ್ಯಾಲೆಟ್‌ಗೆ 26 ಕೆಜಿಯ 40 ಚೀಲ ಅಂದರೆ 1040 ಕೆಜಿ. ಮೇಲಿನ ಹಂತಕ್ಕೆ ಅಷ್ಟು ಎತ್ತುತ್ತದಾ ಅಂತ ಗಾಡಿಯ ಪ್ಲೇಟ್ ನೋಡಿ. ಎತ್ತರ ಹೋದಷ್ಟೂ ಗಾಡಿ ಎತ್ತಬಲ್ಲ ತೂಕ ಇಳಿಯುತ್ತದೆ.

ಆರೇಳು ಅಡಿ ಓಣಿಗೆ ಮೂತಿ ತಿರುಗಿಸುವ ಆರ್ಟಿಕ್ಯುಲೇಟೆಡ್ ಗಾಡಿ ಇದೆ. ಅಂಗಳಕ್ಕಿಳಿದು ಲಾರಿಗೂ ಲೋಡ್ ಮಾಡುತ್ತದೆ. ರೀಚ್ ಟ್ರಕ್ಕಿನ ಸಣ್ಣ ಗಟ್ಟಿ ಚಕ್ರಕ್ಕೆ ಗರಸು ಮಣ್ಣು ಆಗೋದಿಲ್ಲ. ಇನ್ನೂ ಇಕ್ಕಟ್ಟಿಗೆ ವಿಎನ್‌ಎ ಗಾಡಿ, ಅಂದರೆ ತೀರಾ ಕಿರಿದಾದ ಓಣಿಗೆಂದೇ ಮಾಡಿದ್ದು. ಅದಕ್ಕೆ ನೆಲ ಕನ್ನಡಿಯಂತಿರಬೇಕು. ಚಕ್ರದ ಕೆಳಗೆ 3 ಮಿ.ಮೀ. ತಗ್ಗಿದ್ದರೂ 9 ಮೀಟರ್ ಮೇಲೆ ಎರಡು ಸೆಂ.ಮೀ. ವಾಲುತ್ತದೆ. ನಿಮಗೆ ಬೇಡ.

ರೀಚ್ ಟ್ರಕ್ ಓಡೋದು ಬ್ಯಾಟರಿ ಮೇಲೆ. ಬ್ಯಾಟರಿ ನೀರಿನ ವಿಷಯ ಯಾರೂ ಕೇಳೋದಿಲ್ಲ, ನಾನೇ ಹೇಳುತ್ತೇನೆ. ನಮ್ಮ ಕಡೆಯ ಬೇಸಿಗೆಗೆ ಅದು ಬೇಗ ಆರುತ್ತದೆ. ರಾತ್ರಿ ಹುಡುಗರು ತುಂಬಾ ಸುರಿದು ಚಾರ್ಜಿಗೆ ಹಾಕುತ್ತಾರೆ, ಬೆಳಿಗ್ಗೆ ಆ್ಯಸಿಡ್ ನೆಲದ ಮೇಲಿರುತ್ತದೆ. ಚಾರ್ಜ್ ಆದ ಮೇಲೆ ಹಾಕಿ. ಬ್ಯಾಟರಿಯೊಳಗಿನ ಪ್ಲೇಟ್ ಕಾಣುತ್ತಿದ್ದರೆ ಮಾತ್ರ ಮೊದಲು, ಅದೂ ಮುಳುಗುವಷ್ಟೇ. ಡಿಸ್ಟಿಲ್ಡ್ ವಾಟರ್ ಹಾಕಿ, ಬೋರ್‌ವೆಲ್ ನೀರಲ್ಲ. ಚಾರ್ಜಿಂಗ್ ಜಾಗ ಗಾಳಿ ಆಡುವ ಕಡೆ ಇರಲಿ. ಅಲ್ಲಿ ಹೈಡ್ರೋಜನ್ ಏಳುತ್ತದೆ, ಬೀಡಿ ಸೇದುವವರನ್ನು ಕೂರಿಸಬೇಡಿ.