ಅಜ್ಜಿಯೂ ನ್ಯಾನಿ, ಮೇಕೆಯೂ ನ್ಯಾನಿ!

ಪ್ರಶ್ನೆ: ಲಂಡನ್ನಿನಲ್ಲಿರುವ ಮೊಮ್ಮಗ ನನ್ನನ್ನು 'ನ್ಯಾನಿ' ಅಂತಾನೆ. ಡಿಕ್ಷನರಿ ತೆಗೆದರೆ ಮಗು ನೋಡಿಕೊಳ್ಳುವವಳು, ಹೆಣ್ಣು ಮೇಕೆ ಅಂತೆಲ್ಲ ಇದೆ. ಇದು ಹಿಂದಿಯ 'ನಾನಿ'ಯೇ ಅಲ್ವಾ ಸರ್?

ಅಲ್ಲಮ್ಮಾ, ಅಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಹೊಸ ಸೀರೆ ಉಟ್ಟು ಮತ್ತೆ ಬರುತ್ತದೆ.

ನ್ಯಾನ್, ನ್ಯಾನಿ ಎರಡೂ 'ಆ್ಯನ್' ಎಂಬ ಹೆಣ್ಣು ಹೆಸರಿನ ಮುದ್ದು ರೂಪಗಳು. ಹಿಂದೆ ಇಂಗ್ಲಿಷಿನವರು 'ನನ್ನ ಆ್ಯನ್' ಅನ್ನಲು 'ಮೈನ್ ಆ್ಯನ್' ಅನ್ನುತ್ತಿದ್ದರು. ಮೈನ್‌ನ ಬಾಲದಲ್ಲಿದ್ದ ನಕಾರ ಜಾರಿ ಮುಂದಿನ ಹೆಸರಿಗೆ ಅಂಟಿತು, ನ್ಯಾನ್ ಆಯಿತು. ಎಡ್ವರ್ಡ್ ನೆಡ್ ಆದದ್ದು, ಎಲೆನ್ ನೆಲ್ ಆದದ್ದು ಹೀಗೇ. ಷೇಕ್ಸ್‌ಪಿಯರನ 'ಮೆರ್ರಿ ವೈವ್ಸ್ ಆಫ್ ವಿಂಡ್ಸರ್' ನಾಟಕದಲ್ಲಿ ಆ್ಯನ್ ಪೇಜ್ ಎಂಬ ಹುಡುಗಿಯನ್ನು ನ್ಯಾನ್ ಅಂತಲೇ ಕರೆಯುತ್ತಾರೆ. ಅದು ಅಚ್ಚಾದದ್ದು 1602ರಲ್ಲಿ. ಈಸ್ಟ್ ಇಂಡಿಯಾ ಕಂಪನಿಗೆ ಆಗ ಎರಡು ವರ್ಷವೂ ತುಂಬಿರಲಿಲ್ಲ. ಹಿಂದಿ ಕಲಿಯುವುದಿರಲಿ, ಇಲ್ಲಿ ಒಂದು ಅಂಗಡಿಯನ್ನೂ ಹಾಕಿರಲಿಲ್ಲ!

ಈ ಹೆಸರೇ ಆಮೇಲೆ ಮಗು ನೋಡಿಕೊಳ್ಳುವವಳಿಗೂ ಮೇಕೆಗೂ ಅಂಟಿತು. ಗಂಡು ಮೇಕೆ 'ಬಿಲ್ಲಿ', ಅಂದರೆ ವಿಲಿಯಂ. ಅಜ್ಜಿಯ ಅರ್ಥ ಈ ಮುದ್ದು ಹೆಸರಿನಿಂದಲೇ ಬಂದಿರಲಿ, 'ಗ್ರ್ಯಾನ್' ಅನ್ನೋದು ಮಕ್ಕಳ ಬಾಯಲ್ಲಿ ಮುರಿದು ಬಂದಿರಲಿ, ಎರಡೂ ಅವರ ಮನೆಯೊಳಗಿನ ವ್ಯವಹಾರ.

"ಆದರೂ ಎರಡೂ ಒಂದೇ ಥರ ಕೇಳಿಸುತ್ತಲ್ಲ?" ಕೇಳಿಸಲಿ. ಹಾಲುಹಲ್ಲಿನ ಬಾಯಿಗೆ ಸುಲಭವಾಗಿ ಬರುವುದು ಮ, ಪ, ಬ, ನ. ಇಟಲಿಯಲ್ಲಿ ಅಜ್ಜಿ 'ನೋನ್ನಾ'. ರಷ್ಯಾದಲ್ಲಿ ಮಗು ನೋಡಿಕೊಳ್ಳುವವಳು 'ನ್ಯಾನ್ಯಾ'. ಪಕ್ಕದ ತೆಲುಗಿನವರು 'ನಾನ್ನ' ಅನ್ನುವುದು ಅಪ್ಪನಿಗೆ. ಅವರನ್ನೂ ನಾನಿಯ ಮಕ್ಕಳ ಪಟ್ಟಿಗೆ ಸೇರಿಸೋಣವೇ? ಇನ್ನು ಹೋಟೆಲಿನ ನಾನ್ ಪರ್ಷಿಯನ್ ಪದ, ರೊಟ್ಟಿ ಅಂತ ಅರ್ಥ. ಅದನ್ನು ಈ ಜಗಳಕ್ಕೆ ಎಳೆಯಬೇಡಿ.

'ಗ್ರ್ಯಾನಿ'ಗೂ ಬೇರೆ ಕೆಲಸಗಳಿವೆ. ಗ್ರ್ಯಾನಿ ನಾಟ್ ಅಂದರೆ ತಪ್ಪಾಗಿ ಹಾಕಿ, ಎಳೆದರೆ ಜಾರುವ ಗಂಟು. ಹಣ್ಣಿನಂಗಡಿಯ ಹಸಿರು ಸೇಬಿನ ಮೇಲೆ ಗ್ರ್ಯಾನಿ ಸ್ಮಿತ್ ಅಂತ ಚೀಟಿ ಇರುತ್ತದಲ್ಲ, ಆಕೆ ನಿಜವಾದ ಅಜ್ಜಿ. 1868ರ ಹೊತ್ತಿಗೆ ಸಿಡ್ನಿ ಹತ್ತಿರ ಆ ಗಿಡ ಬೆಳೆಸಿದವಳು. ಪೂರ್ತಿ ಹೆಸರು ಮರಿಯಾ ಆ್ಯನ್ ಸ್ಮಿತ್. ನೋಡಿ, ಇಲ್ಲೂ ಒಬ್ಬಳು ಆ್ಯನ್!

ನಮ್ಮಿಂದ ಇಂಗ್ಲಿಷಿಗೆ ಹೋದ ಪದವೇ ಬೇಕಿದ್ದರೆ 'ಆಯಾ' ಇದೆ. ಅಂಗನವಾಡಿ ಬಾಗಿಲಲ್ಲಿ ಮಕ್ಕಳ ಮೂಗು ಒರೆಸುವ ಅದೇ ಆಯಾ. ಯಾರೂ ಅದನ್ನು ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಅದೂ ನಮ್ಮದಲ್ಲ. ಪೋರ್ಚುಗೀಸರ 'ಆಯ' ಅದು, ದಾದಿ ಅಂತ ಅರ್ಥ. ಇಲ್ಲಿ ಬಳಕೆಗೆ ಬಿದ್ದು, ಬ್ರಿಟಿಷರ ಬಂಗಲೆಗಳಿಂದ ಇಂಗ್ಲಿಷಿಗೆ ಹೋಯಿತು. ಪೋರ್ಚುಗೀಸರಿಗೆ ಅದು ಬಂದದ್ದು ಲ್ಯಾಟಿನ್ನಿನ 'ಆವಿಯಾ'ದಿಂದ. ಆವಿಯಾ ಅಂದರೆ ಅಜ್ಜಿ.

ವಿಜಯಪುರದ ಕಡೆ ಅಜ್ಜಿಗೆ 'ಆಯಿ' ಅಂತಾರಲ್ಲ, ಅದೂ ಇದೇನಾ ಅಂತ ದಯವಿಟ್ಟು ಕೇಳಬೇಡಿ. ಅಲ್ಲ.