ಪಿಟೀಲಿನ ತಂತಿಯಲ್ಲಿ ಗರಗಸದ ಹಲ್ಲು

ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಸಿಂಥಸೈಜರಿನದು ಜೀವವಿಲ್ಲದ ಯಂತ್ರದ ಸದ್ದು, ಪಿಟೀಲಿನದು ಮಾತ್ರ ಹೃದಯದಿಂದ ಹೊಮ್ಮುವ ನಾದ ಎಂಬ ಮಾತನ್ನು ಸಂಗೀತ ಬಲ್ಲವರ ಬಾಯಲ್ಲೂ ಕೇಳಿ ನನಗೆ ಸಾಕಾಗಿದೆ. ಹಾಗೆನ್ನುವವರಿಗೆ ನಾನು ಒಂದೇ ಹಾಡಿನ ಮೂರು ರೂಪಗಳನ್ನು ಕೇಳಿಸುತ್ತೇನೆ. ಮೊದಲನೆಯದು ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನ ಕ್ರಾಫ್ಟ್‌ವರ್ಕ್ ತಂಡ 1978ರಲ್ಲಿ ಸಿಂಥಸೈಜರುಗಳ ಮೇಲೆ ಕಟ್ಟಿದ ‘ದಿ ಮಾಡೆಲ್’. ಅದು ಬ್ರಿಟನ್ನಿನ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ್ದು 1982ರಲ್ಲಿ. ಎರಡನೆಯದು ಪಂಕ್ ಎಂಬ ಒರಟು ರಾಕ್ ಸಂಗೀತದ ಪರಂಪರೆಯ ಬಿಗ್ ಬ್ಲ್ಯಾಕ್ ಎಂಬ ಅಮೆರಿಕನ್ ತಂಡ 1987ರಲ್ಲಿ ಕರ್ಕಶ ಗಿಟಾರುಗಳಲ್ಲಿ ನುಡಿಸಿದ ಕವರ್, ಅಂದರೆ ಇನ್ನೊಬ್ಬರ ಹಾಡಿನ ಮರುರೂಪ. (ಈ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದುದು ಒಂದು ಯಂತ್ರ, ಅದಕ್ಕೆ ‘ರೋಲಂಡ್’ ಎಂದು ಹೆಸರಿಟ್ಟು ಸದಸ್ಯರ ಸಾಲಿನಲ್ಲೇ ಸೇರಿಸಿದ್ದರು.) ಮೂರನೆಯದು 1992ರಲ್ಲಿ ಬಲನೆಸ್ಕು ಕ್ವಾರ್ಟೆಟ್ ಎರಡು ಪಿಟೀಲು, ಒಂದು ವಯೋಲ, ಒಂದು ಚೆಲ್ಲೊ ಹಿಡಿದು ನುಡಿಸಿದ್ದು.

ಯಂತ್ರದ ಹಾಡು ಕೊನೆಗೂ ಮನುಷ್ಯರ ಕೈಗೆ ಬಂತು ಎಂದು ಮೂರನೆಯದನ್ನು ಮೆಚ್ಚುವವರು ತಂತಿಯನ್ನು ಹತ್ತಿರದಿಂದ ನೋಡಬೇಕು. ರಾಳ ಉಜ್ಜಿದ ಕಮಾನು ತಂತಿಗೆ ಅಂಟಿಕೊಂಡು ಅದನ್ನು ನಿಧಾನವಾಗಿ ಎಳೆದೊಯ್ಯುತ್ತದೆ, ಬಿಗಿತ ಮಿತಿ ಮೀರಿದಾಗ ತಂತಿ ಹಿಡಿತ ತಪ್ಪಿಸಿಕೊಂಡು ತಟ್ಟನೆ ಹಿಂದಕ್ಕೆ ಜಾರುತ್ತದೆ, ಮತ್ತೆ ಅಂಟುತ್ತದೆ. ಎಣ್ಣೆ ಕಾಣದ ಬಾಗಿಲಿನ ಕೀಲು ಕಿರುಗುಟ್ಟುವುದೂ, ಹಲಗೆಯ ಮೇಲೆ ಸೀಮೆಸುಣ್ಣ ಕಿರಿಚುವುದೂ ಹೀಗೆಯೇ. ನಲ್ಲಿಯ ತುದಿಯಲ್ಲಿ ಹನಿ ನಿಧಾನವಾಗಿ ಊದಿಕೊಂಡು ಪಟ್ಟನೆ ಕಳಚಿ ಬೀಳುವುದಕ್ಕೂ ಇದೇ ಲಯವಿದೆ. ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲಿ, ಕಂಪಿಸುವ ಮಸೂರದ ಸೂಕ್ಷ್ಮದರ್ಶಕ ಹೂಡಿ, ತಂತಿಯ ಈ ಚಲನೆಯನ್ನು ಕಂಡುಹಿಡಿದ. ತಂತಿಯು ಪಿಟೀಲಿನ ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಿನ) ಮೇಲೆ ಹೇರುವ ಬಲವನ್ನು ಕಾಗದದಲ್ಲಿ ಬರೆದರೆ ಗರಗಸದ ಹಲ್ಲಿನ ಸಾಲು ಮೂಡುತ್ತದೆ: ನಿಧಾನ ಏರಿಕೆ, ಹಠಾತ್ ಇಳಿಕೆ.

ಹಳೆಯ ಸಿಂಥಸೈಜರಿನೊಳಗೂ ನಡೆಯುವುದು ಇದೇ. ಅಲ್ಲಿ ಕೆಪಾಸಿಟರ್ ಒಂದು ನಿಧಾನವಾಗಿ ವಿದ್ಯುತ್ ತುಂಬಿಕೊಂಡು ಒಮ್ಮೆಲೇ ಖಾಲಿಯಾಗುತ್ತದೆ. ಎರಡೂ ಕಡೆ ಸೆಕೆಂಡಿಗೆ 220 ಕಂಪನಗಳ ಸ್ವರ ಹೊರಟರೆ ಅದರ ಬೆನ್ನಿಗೆ 440, 660, 880ರ ಉಪಸ್ವರಗಳು ಅರ್ಧ, ಮೂರನೇ ಒಂದು, ನಾಲ್ಕನೇ ಒಂದು ಪಾಲಿನ ಅಲೆಯೆತ್ತರದಲ್ಲಿ ಹೊರಡುತ್ತವೆ. ಅವುಗಳಲ್ಲಿ ಯಾವುದು ಮೊಳಗಬೇಕು, ಯಾವುದು ಅಡಗಬೇಕು ಎಂಬುದನ್ನು ಪಿಟೀಲಿನಲ್ಲಿ ಮರದ ಪೆಟ್ಟಿಗೆ, ಸಿಂಥಸೈಜರಿನಲ್ಲಿ ಫಿಲ್ಟರಿನ ತಿರುಪು ನಿರ್ಧರಿಸುತ್ತದೆ. ‘ಸಹಜ’, ‘ಕೃತಕ’ ಎಂಬ ಗೆರೆಯನ್ನು ಇಲ್ಲಿ ಎಲ್ಲಿ ಎಳೆಯುವುದೋ ನಾನರಿಯೆ.

ಪಂಕ್ ಗಿಟಾರಿನ ದಾರಿ ಬೇರೆ. ಆಂಪ್ಲಿಫೈಯರಿಗೆ ತಾಳಲಾರದಷ್ಟು ಸಂಕೇತ ನುಗ್ಗಿಸಿದಾಗ ಅದು ಅಲೆಗಳ ನೆತ್ತಿಯನ್ನು ಕತ್ತರಿಸಿಬಿಡುತ್ತದೆ, ಕತ್ತರಿಸಿದಲ್ಲೆಲ್ಲ ಹೊಸ ಉಪಸ್ವರಗಳು ಹುಟ್ಟುತ್ತವೆ. 110 ಮತ್ತು 165 ಕಂಪನಗಳ ಎರಡು ಸ್ವರಗಳನ್ನು, ಅಂದರೆ ಷಡ್ಜ ಪಂಚಮಗಳನ್ನು, ಒಟ್ಟಿಗೆ ಮೀಟಿದರೆ ಯಾರೂ ನುಡಿಸದ 55ರ ಮಂದ್ರ ಷಡ್ಜವೂ ಗುಡುಗುತ್ತದೆ. ನಡುವೆ ಗಾಂಧಾರವನ್ನು ಸೇರಿಸಿದರೆ ಎಲ್ಲವೂ ರಾಡಿಯಾಗುತ್ತದೆ. ಪಂಕ್ ಗಿಟಾರಿಗರು ಬಹುಮಟ್ಟಿಗೆ ಸ-ಪ ಜೋಡಿಗೇ ಅಂಟಿಕೊಂಡಿರುವುದಕ್ಕೆ ಸೋಮಾರಿತನವೊಂದೇ ಕಾರಣವಲ್ಲ.

ಸದ್ದು ಇಷ್ಟು ಬದಲಾದರೂ ಹಾಡು ಅದೇ ಎಂದು ಕಿವಿಗೆ ತಿಳಿಯುವುದು, ಹಾಡು ಸ್ವರಗಳಲ್ಲಿಲ್ಲದೆ ಅವುಗಳ ನಡುವಿನ ಅನುಪಾತದಲ್ಲಿ ಇರುವುದರಿಂದ. ಆಸ್ಟ್ರಿಯದ ತತ್ತ್ವಜ್ಞಾನಿ ಎರೆನ್‌ಫೆಲ್ಸ್ 1890ರಲ್ಲೇ ಇದನ್ನು ವಾದಿಸಿದ್ದ. ಹಾರ್ಮೋನಿಯಮ್ಮಿನ ಕಪ್ಪು ಎರಡರ ಶ್ರುತಿಯ ಪದ್ಯವನ್ನು ಬಿಳಿ ನಾಲ್ಕರಲ್ಲಿ ಹಾಡುವ ಯಕ್ಷಗಾನದ ಭಾಗವತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಶ್ರುತಿಯನ್ನು ಸೆಕೆಂಡಿಗೆ 440 ಕಂಪನಗಳಿಂದ 432ಕ್ಕೆ ಇಳಿಸಿದರೆ ರೋಗ ವಾಸಿಯಾಗುತ್ತದೆಂದು ನಂಬಿಸುವವರು, ಆ ಇಳಿಕೆ ಅರ್ಧಸ್ವರದ ಮೂರನೇ ಒಂದು ಪಾಲಿನಷ್ಟೂ ಇಲ್ಲವೆಂಬುದನ್ನು ಹೇಳುವುದಿಲ್ಲ.

ಹಾಡನ್ನು ಗುರುತಿಸುವ ಹಲವು ಮೊಬೈಲ್ ಆ್ಯಪ್‌ಗಳು ಕವರ್‌ಗಳೆದುರು ಎಡವುವುದೂ ಇಲ್ಲಿಯೇ. ಅವು ನೆನಪಿಡುವುದು ಒಂದು ನಿರ್ದಿಷ್ಟ ಧ್ವನಿಮುದ್ರಣದಲ್ಲಿ ಯಾವ ಕ್ಷಣಕ್ಕೆ ಯಾವ ಕಂಪನ ಜೋರಾಗಿತ್ತು ಎಂಬ ನಕ್ಷೆಯನ್ನು. ಕವರ್‌ಗಳನ್ನು ಪತ್ತೆಹಚ್ಚಲು ಎಂಜಿನಿಯರುಗಳು ಮಂದ್ರ, ಮಧ್ಯ, ತಾರ ಎಂಬ ಸ್ಥಾಯಿಭೇದವನ್ನು ಮರೆತು, ಸದ್ದಿನ ಶಕ್ತಿಯನ್ನೆಲ್ಲ ಹಾರ್ಮೋನಿಯಮ್ಮಿನ ಹನ್ನೆರಡು ಮನೆಗಳಿಗೆ ಹಂಚುತ್ತಾರೆ. ಬಳಿಕ ಒಂದು ಹಾಡಿನ ಮನೆಗಳನ್ನು ಒಂದೊಂದೇ ಸ್ಥಾನ ಸರಿಸುತ್ತ, ಇನ್ನೊಂದು ಹಾಡಿನ ಮನೆಗಳೊಡನೆ ತಾಳೆಯಾಗುವವರೆಗೆ ಹೋಲಿಸುತ್ತ ಹೋಗುತ್ತಾರೆ.