ಪೇಂಟಿಂಗ್ ಬಿಲ್ ಬೇಡ, ಕಂದಾಯದ ರಸೀದಿ ತನ್ನಿ

ಜುಲೈ ಬಂತೆಂದರೆ ಬಾಡಿಗೆ ಮನೆ ಇರುವವರು ಆದಾಯ ತೆರಿಗೆ ರಿಟರ್ನ್ಸ್ ಹಾಕಿಸಲು ಕೈಚೀಲದ ತುಂಬ ಬಿಲ್ ಹಿಡಿದು ನನ್ನ ಆಫೀಸಿಗೆ ಬರುತ್ತಾರೆ. ಸುಣ್ಣ-ಬಣ್ಣದ್ದು, ಬೋರ್‌ವೆಲ್ ಮೋಟಾರ್ ರಿಪೇರಿಯದ್ದು, ಪ್ಲಂಬರ್ ಬರೆದುಕೊಟ್ಟ ಚೀಟಿ. ವರ್ಷವಿಡೀ ಜೋಪಾನ ಮಾಡಿದ ಕಾಗದಗಳವು. ಅವುಗಳಿಂದ ಒಂದು ರೂಪಾಯಿ ತೆರಿಗೆಯೂ ಇಳಿಯುವುದಿಲ್ಲ ಅಂತ ಹೇಳುವಾಗ ನನಗೇ ಬೇಜಾರಾಗುತ್ತದೆ.

ಬಾಡಿಗೆ ಆದಾಯದಲ್ಲಿ ಶೇ 30ರಷ್ಟನ್ನು ಕಾನೂನೇ ಬಿಟ್ಟುಕೊಟ್ಟಿದೆ. ರಿಪೇರಿಗೆ ನೀವು 5 ಸಾವಿರ ಹಾಕಿದರೂ ಅಷ್ಟೇ, 2 ಲಕ್ಷ ಹಾಕಿದರೂ ಅಷ್ಟೇ. ಏನೂ ಖರ್ಚು ಮಾಡದಿದ್ದರೂ ಸಿಗುತ್ತದೆ.

ಮನೆ ಕಂದಾಯವನ್ನೂ ಬಾಡಿಗೆಯಲ್ಲಿ ಕಳೆಯಬಹುದು, ಆದರೆ ಅದು ಹಾಗೇ ಸಿಗುವುದಿಲ್ಲ. ಅದನ್ನು ಆ ಹಣಕಾಸು ವರ್ಷದಲ್ಲಿ ಮಾಲೀಕರೇ ಕಟ್ಟಿರಬೇಕು. ಬಾಕಿ ಇಟ್ಟರೆ ಆ ವರ್ಷಕ್ಕೆ ಇಲ್ಲ. ಬಾಡಿಗೆಯವರು ಕಟ್ಟಿದ್ದರೆ ನಿಮಗೆ ಲೆಕ್ಕಕ್ಕಿಲ್ಲ. ಎಷ್ಟೋ ಜನ ಕಳೆದುಕೊಂಡು ಬರುವುದು ಇದೇ ರಸೀದಿಯನ್ನು!

ತಿಂಗಳಿಗೆ 20,000 ಬಾಡಿಗೆ ಅಂದುಕೊಳ್ಳಿ. ವರ್ಷಕ್ಕೆ 2,40,000. ಕಂದಾಯ 12,000 ಕಳೆದರೆ 2,28,000. ಅದರ ಶೇ 30, ಅಂದರೆ 68,400 ಹೋದರೆ ಉಳಿಯುವುದು 1,59,600. ಮನೆ ಸಾಲದ ಬಡ್ಡಿ 1,90,000 ಇದ್ದರೆ ಲೆಕ್ಕದಲ್ಲಿ 30,400 ನಷ್ಟ. ಕಂತಿನಲ್ಲಿ ಅಸಲಿನ ಭಾಗ ಇಲ್ಲಿ ಬರುವುದಿಲ್ಲ, ಬಡ್ಡಿ ಮಾತ್ರ. ಹಾಗಾಗಿ ಬ್ಯಾಂಕಿನಿಂದ ಬಡ್ಡಿ ಸರ್ಟಿಫಿಕೇಟ್ ತನ್ನಿ.

ಹೊಸ ತೆರಿಗೆ ಪದ್ಧತಿಯಲ್ಲಿ ಇದ್ಯಾವುದೂ ಇಲ್ಲ ಅಂತ ಸುಮಾರು ಜನ ನಂಬಿದ್ದಾರೆ. ಬಾಡಿಗೆಗೆ ಕೊಟ್ಟ ಮನೆಗೆ ಶೇ 30, ಕಂದಾಯ, ಬಡ್ಡಿ ಮೂರೂ ಅಲ್ಲೂ ಇವೆ. ಆದರೆ ಆ 30,400 ನಷ್ಟವನ್ನು ಸಂಬಳದಲ್ಲಿ ಕಳೆಯಲು ಬಿಡುವುದಿಲ್ಲ. ಹಳೆ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಕಳೆಯಬಹುದು. ಅಂದಹಾಗೆ, ವಾಪಸ್ ಕೊಡಬೇಕಾದ ಅಡ್ವಾನ್ಸ್ ಆದಾಯವಲ್ಲ. ಅದನ್ನು ಬ್ಯಾಂಕಿನಲ್ಲಿಟ್ಟು ಬಂದ ಬಡ್ಡಿ ಮಾತ್ರ ಆದಾಯ.

ನನಗೆ ಜಾಸ್ತಿ ಚಿಂತೆ ತರುವುದು ಇನ್ನೊಂದು ವಿಷಯ. ಮನೆ ಅಮೆರಿಕದಲ್ಲಿ ನೆಲೆಸಿದ ಮಗನ ಹೆಸರಲ್ಲಿರುತ್ತದೆ, ಬಾಡಿಗೆ ಮೈಸೂರಿನಲ್ಲಿರುವ ಅಪ್ಪನ ಖಾತೆಗೆ ಬೀಳುತ್ತದೆ. ಅಪ್ಪ ಪ್ರಾಮಾಣಿಕವಾಗಿ ತಮ್ಮ ರಿಟರ್ನ್ಸ್‌ನಲ್ಲೇ ತೋರಿಸುತ್ತಾರೆ. ಆದರೆ ಮನೆ ಯಾರದೋ ಆದಾಯವೂ ಅವರದೇ. ಮಾಲೀಕರು ಇಲ್ಲೇ ಇರುವವರಾದರೆ, ತಿಂಗಳ ಬಾಡಿಗೆ 50,000 ದಾಟಿದಾಗ ಮಾತ್ರ ಮನೆಯಲ್ಲಿರುವ ಸಾಮಾನ್ಯ ಬಾಡಿಗೆದಾರರು ಶೇ 2ರಷ್ಟು ಟಿಡಿಎಸ್ (ಬಾಡಿಗೆ ಕೊಡುವಾಗಲೇ ಮುರಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯಬೇಕು. ಮಾಲೀಕರು ಎನ್‌ಆರ್‌ಐ ಆದರೆ 15,000 ಬಾಡಿಗೆಗೂ ಹಿಡಿಯಬೇಕು, ಅದೂ ಸೆಸ್ ಸೇರಿ ಶೇ 31.2. ಮಗ ರಿಟರ್ನ್ಸ್ ಹಾಕಿದರೆ ಹೆಚ್ಚಾದದ್ದು ವಾಪಸ್ ಬರುತ್ತದೆ. ಹಿಡಿಯದೇ ಬಿಟ್ಟರೆ ನೋಟಿಸ್ ಹೋಗುವುದು ಬಾಡಿಗೆದಾರರಿಗೆ, ಬಡ್ಡಿ ಸಮೇತ. ಪಾಪ, ಅವರಿಗೆ ಮಾಲೀಕರು ಎಲ್ಲಿದ್ದಾರೆ ಅಂತಲೂ ಗೊತ್ತಿರುವುದಿಲ್ಲ. ಅಗ್ರಿಮೆಂಟ್ ಬರೆಯುವ ದಿನವೇ ಅದನ್ನು ಹೇಳಿಬಿಡಿ.